ಹಳದಿ ಗೆರೆಯಾಚೆ ನಾಲ್ಕು ಬೆರಳು

ಟೇಪಪ್ಪ ಕಾರಿನ ಹಿಂದೆ ನೆಲಕ್ಕೆ ಮಂಡಿಯೂರಿದ್ದ. ಉಕ್ಕಿನ ಟೇಪಿನ ಒಂದು ತುದಿ ಬಂಪರಿನ ಕೆಳಗೆ, ಇನ್ನೊಂದು ತುದಿ ಆಗತಾನೇ ಒಣಗಿದ ಹಳದಿ ಗೆರೆಯ ಮೇಲೆ. ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. ಕಣ್ಣು ಬದಲಾದರೂ ಅಳತೆ ಬದಲಾಗಲಿಲ್ಲ.

"ನಾಲ್ಕು ಬೆರಳು ಆಚೆ!" ಎಂದ, ಲಾಟರಿ ಹೊಡೆದವನ ಸಂಭ್ರಮದಲ್ಲಿ. "ಮೇಡಂ, ನೀವೇ ನೋಡಿ. ಗೆರೆ ದಾಟಿದೆ."

ಮೇಡಂ ನೋಡಿದಳು. ಮೂತಿ ಎದುರಿನ ಗೋಡೆಗೆ ಮುತ್ತಿಡುವಷ್ಟು ಹತ್ತಿರ ನಿಂತಿದ್ದರೂ ಕಾರಿನ ಹಿಂಭಾಗ ಗೆರೆಯಾಚೆಗೆ ಚಾಚಿಕೊಂಡಿತ್ತು, ಗಿಡ್ಡ ಮಂಚದ ಮೇಲೆ ಮಲಗಿದ ಉದ್ದ ಕಾಲಿನವನ ಪಾದದ ಹಾಗೆ.

ಅವಳನ್ನು ಇಡೀ ಬಡಾವಣೆ ಕರೆಯುವುದು ಡ್ರೈವಿಂಗ್ ಮೇಡಂ ಎಂದೇ. ಕ್ಲಚ್ಚು ಬಿಡುವುದನ್ನೂ ಭಯ ಬಿಡುವುದನ್ನೂ ಒಟ್ಟಿಗೇ ಕಲಿಸುವ ಹೆಂಗಸು. ತಿರುಗುವ ಮೊದಲು ದೀಪ ಹಾಕದವರಿಗೆ ಅವಳ ಬಾಯಲ್ಲಿ ರಿಯಾಯಿತಿ ಇಲ್ಲ. ಕಟ್ಟಿಕೊಂಡ ಗಂಡನನ್ನೇ "ಇನ್ನೊಂದು ತಿಂಗಳು ಕಲಿ" ಎಂದು ಪರೀಕ್ಷೆಗೆ ಕಳಿಸದೆ ಕೂರಿಸಿದವಳು. ಟೇಪಪ್ಪನೂ ಅಷ್ಟೇ ನೇಮದ ಮನುಷ್ಯ. ತೂಕ, ಅಳತೆ ತಪಾಸಣೆ ಮಾಡುವ ಕಚೇರಿಯಿಂದ ನಿವೃತ್ತನಾಗಿ, ಈ ನಾಲ್ಕಂತಸ್ತಿನ ಕಟ್ಟಡಕ್ಕೆ ಬಂದು, ವರ್ಷ ತುಂಬುವುದರೊಳಗೆ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದ. ಅವನು ಕೆಲಸ ಬಿಟ್ಟರೂ ಟೇಪು ಅವನ ಜೇಬು ಬಿಡಲಿಲ್ಲ. ಹಾಗೆ ಅಂಟಿದ ಹೆಸರು ಅದು.

"ನಾಲ್ಕು ಬೆರಳಿಗೆ ಇಷ್ಟು ರಂಪವಾ ಸರ್? ಯಾರ ಕಾಲ ಮೇಲೂ ಹತ್ತಿಲ್ವಲ್ಲ."

"ರಂಪ ಬೆರಳಿಂದಲ್ಲಮ್ಮ, ಕಾರಿಂದು." ಅವನು ಎದ್ದು ಮಂಡಿ ಕೊಡವಿಕೊಂಡ. "ಈ ಕಟ್ಟಡ ಎದ್ದಾಗ ನಿಮ್ಮ ಮಾವ ಸಂಘಕ್ಕೆ ಏನಂತ ಹೇಳಿದ್ರು? ಅರವತ್ತೊಂದನೇ ಇಸವಿ ಮಾಡೆಲ್ಲು, ಕಂಪನಿ ಲೆಕ್ಕದಲ್ಲಿ ಉದ್ದ ಇಷ್ಟು ಅಂತ. ಆ ಉದ್ದಕ್ಕೇ ಗೆರೆ ಎಳೆದು ಜಾಗ ಕೊಟ್ರು. ಆ ಗೆರೆ ಅಳಿಸಿಹೋಗಿತ್ತು, ಈಗ ಅದೇ ಅಳತೆಗೆ ಮತ್ತೆ ಬಳಿಸಿದೀನಿ. ಕಾರು ಹಿಡೀತಿಲ್ಲ. ಅಂದ್ರೆ ಏನರ್ಥ?"

"ಏನರ್ಥ?"

"ಇದು ಆ ಕಾರಲ್ಲ! ಮಧ್ಯೆ ಯಾವಾಗ್ಲೋ ಬದಲಾಯಿಸಿದೀರಿ. ಕಟ್ಟಡದಷ್ಟೇ ಹಳೇ ಕಾರು ಅಂತ ನಿಮಗೆ ಇಷ್ಟುದ್ದ ಜಾಗ. ಕಾರು ಬದಲಾದ್ರೆ ಜಾಗ ವಾಪಸ್ಸು. ಭಾನುವಾರ ಸಭೆ ಕರೆದಿದೀನಿ, ಅಲ್ಲಿ ಉತ್ತರ ಕೊಡಿ."

ಲಿಫ್ಟಿನ ಪಕ್ಕದ ಆ ಜಾಗದ ಮೇಲೆ ಟೇಪಪ್ಪನ ಅಳಿಯನ ಹೊಸ ವ್ಯಾನು ಎಂದಿನಿಂದಲೋ ಕಣ್ಣು ಹಾಕಿತ್ತು. ಅದನ್ನು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಜಾಗ ಹೋದರೆ ಕಾರೂ ಹೋದಂತೆಯೇ. ಹದಿನೆಂಟಡಿಯ ಆ ಮೈಯನ್ನು ಬೀದಿಯಲ್ಲಿ ನಿಲ್ಲಿಸಿದರೆ ಸಂಜೆಯೊಳಗೆ ಎಳೆದುಕೊಂಡು ಹೋಗುತ್ತಾರೆ. ಸುತ್ತಮುತ್ತಲಿನ ಬಾಡಿಗೆ ಶೆಡ್ಡುಗಳೆಲ್ಲ ಈ ಕಾಲದ ಪುಟಾಣಿ ಕಾರುಗಳಿಗೆಂದು ಕಟ್ಟಿದವು. ಇನ್ನುಳಿದದ್ದು ಹಳೇ ಕಾರುಗಳ ದಲ್ಲಾಳಿ ಒಬ್ಬನೇ. ಅವನು ಆಗಾಗ ಬಂದು, ಹಾಸಿಗೆ ಹಿಡಿದವರನ್ನು ನೋಡಲು ಬಂದ ದೂರದ ನೆಂಟನ ಹಾಗೆ "ಈಗ ಹೇಗಿದೆ?" ಎಂದು ಬಾನೆಟ್ಟು ಸವರಿ ಹೋಗುತ್ತಿದ್ದ.

ಕಾರು ಗುಂಡುಕಲ್ಲಿನ ಹಾಗಿತ್ತು. ಲಿಂಕನ್ ಕಾಂಟಿನೆಂಟಲ್, ಕಪ್ಪು ಬಣ್ಣ, ನಾಲ್ಕು ಬಾಗಿಲಿನ ಸೆಡಾನು. ಬಾಗಿಲುಗಳೇ ಅದರ ಠೀವಿ. ಮುಂದಿನ ಬಾಗಿಲಿಗೆ ಕೀಲು ಮುಂದೆ, ಹಿಂದಿನ ಬಾಗಿಲಿಗೆ ಕೀಲು ಹಿಂದೆ. ಎರಡನ್ನೂ ಒಟ್ಟಿಗೆ ತೆರೆದರೆ ಬೀರುವಿನ ಎರಡು ಕದ ತೆರೆದಂತೆ ಕಾರಿನ ಒಳಮನೆಯೆಲ್ಲ ಕಾಣುತ್ತಿತ್ತು. ಸೀಟಿನ ಚರ್ಮ ಬಿರಿದಿರಲಿಲ್ಲ, ಕ್ರೋಮಿನಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು. ಇಷ್ಟು ವರ್ಷ ಅದನ್ನು ಹಾಗೆ ಇಟ್ಟವರು ಮೇಡಂನ ಮಾವ.

ಮಾವ ಒಂದು ಕಾಲಕ್ಕೆ ದೊಡ್ಡ ಹೋಟೆಲಿನ ನೃತ್ಯಶಾಲೆಯಲ್ಲಿ ಮೈಕು ಹಿಡಿದವರು. ಬ್ಯಾಂಡಿನವರನ್ನು ಪರಿಚಯಿಸುವುದು, ನಡುವೆ ಅನುಕರಣೆ ಮಾಡಿ ನಗಿಸುವುದು ಅವರ ಕೆಲಸ. ಮೈಕು ಹೋದರೂ ಗಂಟಲು ಹೋಗಿರಲಿಲ್ಲ. ಯಾರಾದರೂ ಕಾರಿನ ಹತ್ತಿರ ಒಂದು ಕ್ಷಣ ನಿಂತರೆ ಸಾಕು, ಅವರಿಗೆ ಸಭೆ ಸೇರಿದಂತೆ.

"ಅರವತ್ತೊಂದು ಸ್ವಾಮೀ, ಅರವತ್ತೊಂದು! ಮೊಟ್ಟಮೊದಲನೇ ವರ್ಷದ್ದು! ಆ ಕಾಲದ ಕಾರುಗಳು ಹೇಗಿದ್ವು? ಬೆನ್ನ ಮೇಲೆ ರೆಕ್ಕೆ, ಮೈತುಂಬ ತಗಡಿನ ಒಡವೆ, ಸರ್ಕಸ್ ಕಂಪನಿ ಮೆರವಣಿಗೆ ಹೊರಟ ಹಾಗೆ. ಆಗ ಬಂತು ನೋಡಿ ಇದು. ರೆಕ್ಕೆ ಇಲ್ಲ, ಪುಕ್ಕ ಇಲ್ಲ. ಇಸ್ತ್ರಿ ಹಾಕಿದ ಕೋಟು ತೊಟ್ಟು ನೆಟ್ಟಗೆ ನಿಂತ ಮನುಷ್ಯ! ಹಿಂದಿನ ವರ್ಷದ ಮಾದರಿಗಿಂತ ಒಂದಡಿಗೂ ಮೇಲೆ ಗಿಡ್ಡ. ದೊಡ್ಡಸ್ತಿಕೆಗೆ ಉದ್ದ ಬೇಡ ಅಂತ ತೋರಿಸಿದ ಕಾರು ಕಣ್ರೀ ಇದು. ಬಾಗಿಲು ಯಾಕೆ ಹಿಂಗೆ ಗೊತ್ತಾ? ಮಾದರಿ ಮಾಡುವಾಗ ಹಿಂದಿನ ಸೀಟಿಂದ ಇಳಿಯೋ ಇಂಜಿನಿಯರುಗಳ ಕಾಲು ಬಾಗಿಲಿಗೆ ತಾಗ್ತಿತ್ತಂತೆ, ಧಡ್! ಅಯ್ಯೋ! ಧಡ್! ಅಯ್ಯಯ್ಯೋ! ಆಮೇಲೆ ಬಾಗಿಲನ್ನೇ ತಿರುಗಿಸಿ ಹಾಕಿದ್ರಂತೆ. ಫ್ಯಾಕ್ಟರಿಯಿಂದ ಒಂದೊಂದು ಕಾರನ್ನೂ ರಸ್ತೆ ಮೇಲೆ ಓಡಿಸಿ ನೋಡದೆ ಆಚೆ ಬಿಡ್ತಿರಲಿಲ್ಲ. ನಿಮ್ಮ ಮದುವೆಗೆ ಮುಂಚೆ ನಿಮ್ಮನ್ನ ಯಾರಾದ್ರೂ ಹಾಗೆ ಓಡಿಸಿ ನೋಡಿದ್ರಾ?"

ಹೇಳಿದ್ದೆಲ್ಲ ನಿಜ, ಮೊದಲ ಪದವೊಂದನ್ನು ಬಿಟ್ಟು.

ಮೇಡಂಗೆ ಅದು ಗೊತ್ತಾದದ್ದು ಮದುವೆಯಾದ ಹೊಸದರಲ್ಲಿ, ಕಾರಿನ ಕಿಟಕಿ ಒರೆಸುವಾಗ. ಗಾಜು ಹಲಗೆಯಂತೆ ಚಪ್ಪಟೆಯಾಗಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿದ್ದ ಹಳೇ ಮೋಟಾರು ಪತ್ರಿಕೆಯ ಚಿತ್ರಗಳಲ್ಲಿ ಅರವತ್ತೊಂದರಿಂದ ಅರವತ್ಮೂರರವರೆಗಿನ ಕಾರಿಗೆ ಪಕ್ಕದ ಗಾಜು ಕೆನ್ನೆಯ ಹಾಗೆ ಬಾಗಿತ್ತು. ಅರವತ್ತನಾಲ್ಕರಿಂದ ಚಪ್ಪಟೆ. ಅದೇ ವರ್ಷ ಚಾಲಕನ ಮುಂದಿನ ಮೀಟರುಗಳ ಫಲಕವೂ ಈ ತುದಿಯಿಂದ ಆ ತುದಿಗೆ ಒಂದೇ ಪಟ್ಟಿಯಾಯಿತು. ಹಿಂದೆ ಕೂತವರ ಮಂಡಿಗೆ ಜಾಗ ಸಾಲದೆಂದು ಕಾರನ್ನು ಕೊಂಚ ಉದ್ದ ಮಾಡಿದ್ದೂ ಆಗಲೇ. ಅವಳು ಪತ್ರಿಕೆ ಮುಚ್ಚಿಟ್ಟು ಗಂಡನನ್ನು ಕೇಳಿದಳು.

ಗಂಡ ಹಲ್ಲು ಕಟ್ಟುವವನು. ದಂತವೈದ್ಯರಿಗೆ ಬೇಕಾದ ಹಲ್ಲಿನ ಸೆಟ್ಟುಗಳನ್ನು ತನ್ನ ಪುಟ್ಟ ಕೋಣೆಯಲ್ಲಿ ಕೂತು ಮಾಡಿಕೊಡುತ್ತಿದ್ದ. "ಹೋಟೆಲ್ ಯಜಮಾನ ತನ್ನ ಅರವತ್ತೊಂದನ್ನ ಅಪ್ಪನಿಗೇ ಮಾರ್ತೀನಿ ಅಂದಿದ್ದ," ಎಂದು ಅವನು ದನಿ ತಗ್ಗಿಸಿದ್ದ. "ಅಪ್ಪ ಬೀದಿಗೆಲ್ಲ ಡಂಗುರ ಸಾರಿಬಿಟ್ರು. ಕೊನೇ ಗಳಿಗೇಲಿ ಆತ ಇನ್ಯಾರಿಗೋ ಕೊಟ್ಟ. ಇವರು ಹಟಕ್ಕೆ ಬಿದ್ದು ಎಲ್ಲಿಂದಲೋ ಅರವತ್ತನಾಲ್ಕು ತಂದ್ರು. ಬೀದಿ ತಿರುವಿನಲ್ಲಿ ಕ್ಷೌರಿಕಣ್ಣ ಕೇಳಿದನಂತೆ, 'ಇದೇನಾ ಅರವತ್ತೊಂದು?' ಅಪ್ಪ 'ಹೂಂ' ಅಂದುಬಿಟ್ರು. ಆ ಒಂದು ಹೂಂ ಇವತ್ತಿಗೂ ನಮ್ಮನೇಲಿ ಊಟ ಮಾಡ್ತಿದೆ."

ಅಂದಿನಿಂದ ಗಂಡಹೆಂಡಿರಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕೀಲಿ ಎಲ್ಲಿದೆಯೆಂದು ಒಬ್ಬರನ್ನೊಬ್ಬರು ಕೇಳಿಯೂ ಇರಲಿಲ್ಲ.

ಈಗ ಕೇಳುವ ಹೊತ್ತು ಬಂದಿತ್ತು. ಮೇಡಂ ಮೇಲೆ ಬಂದಾಗ ಗಂಡ ಯಾರದೋ ದವಡೆಯ ಅಚ್ಚಿಗೆ ಮೇಣ ತುಂಬುತ್ತಿದ್ದ. ಎಲ್ಲ ಕೇಳಿ ಹೇಳಿದ, "ಇದರಲ್ಲೇನಿದೆ ಕಷ್ಟ? ಮೊದಲಿಂದಲೂ ಇದು ಅರವತ್ತನಾಲ್ಕೇ ಅಂದುಬಿಡು. ಟೇಪಿಗೂ ಕಂಪನಿ ಲೆಕ್ಕಕ್ಕೂ ತಾಳೆ ಆಗತ್ತೆ. ಕಾರು ಉಳಿಯತ್ತೆ."

"ಮಾವನ ಮುಖ?"

ಗಂಡ ಮೇಣದ ಹಲ್ಲೊಂದನ್ನು ನೆಟ್ಟಗೆ ಮಾಡಿದ.

ಬಾಲ್ಕನಿಯಲ್ಲಿ ಮಾವ ಕೂತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು. ಟೇಪಪ್ಪನ ಮೂಗಿನ ದನಿಯನ್ನು ಆಗಲೇ ಎತ್ತಿಕೊಂಡಿದ್ದರು: "'ಸದರಿ ವಾಹನದ ಸದರಿ ಬಾಲವು ಸದರಿ ಗೆರೆಯನ್ನು ಉಲ್ಲಂಘಿಸಿದ್ದು...' ನಾಳೆ ನನ್ನ ಮೂಗನ್ನೂ ಅಳೀತಾನಮ್ಮ ಈ ಕಾರುದರ್ಶಿ. ಬಾಗಿಲಿಗಿಂತ ಮುಂಚೆ ಮೂಗು ಆಚೆ ಬಂದಿದೆ ಅಂತ ದಂಡ ಹಾಕ್ತಾನೆ."

ಮೇಡಂ ನಕ್ಕಳು. ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. "ಮಾವ, ಕಂಪನಿಯವರು ಮುಂದಿನ ವರ್ಷಗಳಲ್ಲಿ ಕಾರನ್ನ ಸ್ವಲ್ಪ ಉದ್ದ ಮಾಡಿದ್ರಂತೆ, ಅಲ್ವಾ?"

ಮಾವನ ಗಂಟಲಿನಿಂದ ಟೇಪಪ್ಪ ಇಳಿದುಹೋದ. ಅವರದೇ ದನಿ ಬಂತು, ಸ್ವಲ್ಪ ತೆಳ್ಳಗೆ. "ಮಾಡಿರಬಹುದು. ನಮಗೇನು? ನಮ್ಮದು ಅರವತ್ತೊಂದು."

"ಒಂದು ವೇಳೆ ಜಾಗ ಹೋದ್ರೆ..."

"ಹೋಗಲಿ. ಆ ದಲ್ಲಾಳಿಗೆ ಫೋನ್ ಮಾಡಿಬಿಡು." ಬಾಲ್ಕನಿಯ ಸರಳನ್ನು ಹಿಡಿದಿದ್ದ ಅವರ ಕೈ ಬಿಳಿಚಿಕೊಂಡಿತ್ತು. "ಅರವತ್ತೊಂದು ಅಂತಲೇ ತಗೊಂಡು ಹೋಗಲಿ. ನಾನು ಸಭೆಗೆ ಬರ್ತೀನಿ, ಆದ್ರೆ ಬಾಯಿ ಬಿಡೋದಿಲ್ಲ."

ಮೇಡಂ ಎದ್ದು ನಿಂತಳು. ದಿನವೂ ಬೆಳಿಗ್ಗೆ ಕಾರಿನ ಬಾಗಿಲು ತೆಗೆದು, ಒಂದು ಗಳಿಗೆ ಒಳಗೆ ಕೂತು, ಇಂಜಿನ್ನಿಗಿಂತ ಮುಂಚೆ ತಾವೇ ಗಂಟಲಿನಲ್ಲಿ 'ಕ್ರೀಂವ್' ಎನ್ನಿಸಿ ಆಮೇಲೆ ಕೀಲಿ ತಿರುಗಿಸುವ ಈ ಮನುಷ್ಯನಿಗೆ ಕಾರೂ ಆ ಸುಳ್ಳೂ ಒಂದೇ ಮೈ ಎಂಬುದು ಅವಳಿಗೆ ಆಗ ಹೊಳೆಯಿತು. ಒಂದನ್ನು ಕಿತ್ತರೆ ಇನ್ನೊಂದು ಉಳಿಯುವ ಹಾಗಿರಲಿಲ್ಲ.

ಒಳಗೆ ಹೋಗಿ ಗಂಡನಿಗೆ ಹೇಳಿದಳು. "ಎರಡೂ ಹೋಗಲ್ಲ."

"ಅದು ಹೇಗೆ?"

"ಗೊತ್ತಿಲ್ಲ. ಆದ್ರೆ ಹೋಗಲ್ಲ. ಆ ಟೇಪು ಇನ್ನೂ ಎಷ್ಟುದ್ದ ಬರತ್ತೋ ನಾನೂ ನೋಡ್ತೀನಿ."

ಭಾನುವಾರ ಬೆಳಿಗ್ಗೆ ಸಭೆ ಕಾರಿನ ಸುತ್ತಲೇ ನಡೆಯಿತು. ಮನೆಮನೆಯಿಂದ ಕುರ್ಚಿಗಳು ಇಳಿದುಬಂದವು. ಮೊದಲ ಮಹಡಿಯ ಟೈಲರಕ್ಕ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಳು. ಮೂಲೆಯಂಗಡಿಯ ಕ್ಷೌರಿಕಣ್ಣ ಅರ್ಧ ಕತ್ತರಿಸಿದ ತಲೆಯೊಂದನ್ನು ಅಂಗಡಿಯಲ್ಲೇ ಕಾಯಲು ಬಿಟ್ಟು ಬಂದಿದ್ದ. ಮೇಲಿನ ಮಹಡಿಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವಳು ಕಣ್ಣುಜ್ಜುತ್ತ ಮೆಟ್ಟಿಲ ಮೇಲೆ ಕೂತಳು. ಮಾವ ಕೋಟು ಹಾಕಿಕೊಂಡು ಕಾರಿನ ಪಕ್ಕ ನಿಂತು, ಛಾವಣಿಯ ಮೇಲೆ ಕೈಯಿಟ್ಟಿದ್ದರು. ಕೊಟ್ಟ ಮಾತಿನಂತೆ ತುಟಿ ಬಿಗಿದಿದ್ದರು.

ಟೇಪಪ್ಪ ಗಂಟಲು ಸರಿಮಾಡಿಕೊಂಡ. "ಸನ್ಮಾನ್ಯ ನಿವಾಸಿಗಳೇ. ಸದರಿ ವಾಹನವು..."

ಯಾರೋ ಕಿಸಕ್ಕೆಂದರು. ಮಾವನ ಅನುಕರಣೆ ಎರಡು ದಿನಗಳಲ್ಲಿ ನಾಲ್ಕು ಅಂತಸ್ತಿಗೂ ಹರಡಿತ್ತು. ಈಗ ಅಸಲಿಯೇ ನಕಲಿಯ ಹಾಗೆ ಕೇಳಿಸುತ್ತಿತ್ತು.

ಅವನು ಜಗ್ಗಲಿಲ್ಲ. ಟೇಪು ಹಿಡಿದು ಎಲ್ಲರ ಮುಂದೆ ಮತ್ತೆ ಅಳೆದು ತೋರಿಸಿದ. ನಾಲ್ಕು ಬೆರಳು ನಾಲ್ಕು ಬೆರಳೇ.

"ಬೇರೆ ಕಾರು ಹೇಗಾಗತ್ತೆ ಸರ್?" ಟೈಲರಕ್ಕ ಎದ್ದಳು. "ನಾವೆಲ್ಲ ಇದರಲ್ಲೇ ಓಡಾಡಿ ದೊಡ್ಡೋರಾದೋರು. ನಮ್ಮ ಕಟ್ಟಡದೋರು ಟ್ಯಾಕ್ಸಿ ಹತ್ತೋದನ್ನ ನೀವು ನೋಡಿಲ್ಲ ಅನ್ಸತ್ತೆ. ಹಿಂದಿನ ಬಾಗಿಲ ಹಿಡಿ ಎಲ್ಲ ಕಾರಲ್ಲೂ ಬಾಗಿಲ ಹಿಂತುದೀಲಿರತ್ತೆ, ನಾವು ಮಾತ್ರ ಮುಂತುದೀಲಿ ತಡಕಾಡ್ತೀವಿ. ನನ್ನ ತಂಗಿ ಹಿಡಿ ಸಿಗದೆ ಕಿಟಕಿ ಗಾಜನ್ನೇ ಪರಪರ ಕೆರೀತಾಳೆ. ಟ್ಯಾಕ್ಸಿಯೋರು ಕನ್ನಡೀಲಿ ನೋಡಿ ಕೇಳ್ತಾರೆ, 'ಆ ಕಪ್ಪು ಕಾರಿನ ಬಿಲ್ಡಿಂಗಿನೋರಾ?' ಅಂತ. ವಿಳಾಸ ಹೇಳೋದೇ ಬೇಡ!"

ಹೌದು ಹೌದು ಎಂದು ಕುರ್ಚಿಗಳು ಕಿರುಗುಟ್ಟಿದವು. ನರ್ಸಮ್ಮ ಆಂಬುಲೆನ್ಸಿನಲ್ಲೂ ತಾನು ಹಾಗೆಯೇ ತಡಕಾಡಿದ್ದನ್ನು ಹೇಳಿ ನಗಿಸಿದಳು.

ಟೇಪಪ್ಪ ನಗು ಮುಗಿಯುವವರೆಗೆ ಕಾದ. ಅವನೂ ಓದಿಕೊಂಡು ಬಂದಿದ್ದ. "ಬಾಗಿಲು ಹಾಗೆ ತೆರೆಯೋ ಈ ಮಾದರಿ ಅರವತ್ತೊಂಬತ್ತರವರೆಗೂ ಬಂತು. ಉದ್ದ ಆಗಿದ್ದು ಅರವತ್ತನಾಲ್ಕರಲ್ಲಿ. ಅಂದ್ಮೇಲೆ ಇಲ್ಲಿ ನಿಂತಿರೋದು ಅರವತ್ತೊಂದಲ್ಲ. ನೋಂದಣಿ ಪುಸ್ತಕದಲ್ಲಿ ವರ್ಷದ ಅಂಕಿಗಳೆಲ್ಲ ಮಾಸಿಹೋಗಿವೆ, ಅದರಿಂದ ಏನೂ ಗೊತ್ತಾಗಲ್ಲ." ಅವನು ಮೇಡಂ ಕಡೆಗೆ ತಿರುಗಿದ. ದನಿ ಮೆತ್ತಗಾಯಿತು, ಅದು ಇನ್ನೂ ಅಪಾಯದ್ದಾಗಿತ್ತು. "ನಾನು ಅನ್ಯಾಯದ ಮನುಷ್ಯ ಅಲ್ಲಮ್ಮ. ಮೊದಲಿಂದಲೂ ಇದೇ ಕಾರು, ನಿಮ್ಮ ಮಾವ ಅವತ್ತು ಸುಳ್ಳು ಹೇಳಿದ್ರು ಅಂತ ಒಪ್ಕೊಳ್ಳಿ, ಈಗಿಂದೀಗಲೇ ಗೆರೆ ಸರಿ ಮಾಡಿಸ್ತೀನಿ. ಇಲ್ಲಾ, ಕಾರು ಬದಲಾಯಿಸಿದ್ವಿ ಅನ್ನಿ, ಜಾಗ ಬಿಡಿ. ಎರಡರಲ್ಲೊಂದು. ನೀವು ಪಾಠ ಹೇಳೋರು, ಸುಳ್ಳು ಹೇಳೋರಲ್ಲ ಅಂತ ಎಲ್ರಿಗೂ ಗೊತ್ತು. ಇದು ಅರವತ್ತೊಂದಾ, ಅಲ್ವಾ?"

ಲಿಫ್ಟು ಎಲ್ಲೋ ಮೇಲೆ ಕರ್ರೆಂದಿತು. ಗಂಡ ಅವಳನ್ನು ನೋಡಿ ತಲೆಯಾಡಿಸಿದ: ಹೇಳಿಬಿಡು. ಮಾವ ಯಾರನ್ನೂ ನೋಡಲಿಲ್ಲ. ಛಾವಣಿಯ ಮೇಲಿದ್ದ ಅವರ ಅಂಗೈ, ಪೊಲೀಸರು ಬಂದಾಗ ಮಗುವಿನ ತಲೆ ಮೇಲೆ ಕೈಯಿಟ್ಟುಕೊಳ್ಳುವವರ ಹಾಗೆ ಅಲ್ಲೇ ಅಂಟಿತ್ತು.

ಮೇಡಂ ಬೆನ್ನು ನೆಟ್ಟಗೆ ಮಾಡಿದಳು.

"ಅರವತ್ತೊಂದು," ಎಂದಳು.

"ಹಾಗಾದ್ರೆ ಇದು ಅವತ್ತಿನ ಕಾರೇ?"

"ಅದೇ ಕಾರು."

"ನಾಲ್ಕು ಬೆರಳು ಎಲ್ಲಿಂದ ಬಂತು?"

"ಬೆಳೀತು."

ಟೇಪಪ್ಪನ ಕೈಯಲ್ಲಿದ್ದ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. "ಏನು?"

"ಬೆಳೀತು ಸರ್. ಇಷ್ಟು ವರ್ಷ ಒಂದೇ ಕಡೆ, ನೆರಳಲ್ಲಿ, ಪ್ರೀತಿಯಿಂದ ನೋಡ್ಕೊಂಡಿದೀವಿ. ಬೆಳೀದೆ ಏನ್ಮಾಡತ್ತೆ?" ಜೀವಮಾನದಲ್ಲಿ ದೀಪ ಹಾಕದೆ ಅವಳು ತೆಗೆದುಕೊಂಡ ಮೊದಲ ತಿರುವು ಅದು. ದನಿ ಮಾತ್ರ ಪಾಠ ಹೇಳುವ ದನಿಯೇ.

"ಕಬ್ಬಿಣ ಎಲ್ಲಾದ್ರೂ ಬೆಳೆಯತ್ತೇನ್ರೀ?"

"ಇಲ್ಲೇ ಇದೆಯಲ್ಲ ಸರ್. ನೀವೇ ಅಳೆದ್ರಿ."

ಆಮೇಲೆ ಕ್ಷೌರಿಕಣ್ಣ, ಬೀದಿ ತಿರುವಿನಲ್ಲಿ ಮೊತ್ತಮೊದಲು ಆ ಪ್ರಶ್ನೆ ಕೇಳಿದವನು, ನಿಧಾನವಾಗಿ ಕುರ್ಚಿಯಿಂದೆದ್ದ. ಮಾವನನ್ನು ಒಮ್ಮೆ ನೋಡಿದ. "ನಾನಂತೂ ದಿನಾ ನೋಡ್ತಿದೀನಿ," ಎಂದ, ಮುಖದಲ್ಲಿ ಒಂದು ಗೆರೆಯೂ ಕದಲದಂತೆ. "ಕೂದಲು ಬೆಳೆದ ಹಾಗೇನೆ. ಪಕ್ಕದಲ್ಲಿರೋರಿಗೆ ಗೊತ್ತಾಗಲ್ಲ, ಒಂದಿನ ನೋಡಿದ್ರೆ ಕಿವಿ ಮೇಲಿರತ್ತೆ."

"ನನಗೂ ಅನುಮಾನ ಇತ್ತು," ಎಂದಳು ಟೈಲರಕ್ಕ. "ಕವರ್ ಹೊಲಿದು ಕೊಟ್ಟಿದ್ದೆ, ಆಮೇಲೆ ಬಿಗಿ ಬಿಗಿ ಅಂದ್ರು. ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ಕೊಟ್ಟೆ."

"ಕೆಲವಕ್ಕೆ ಬೆಳವಣಿಗೆ ತಡ," ಎಂದು ಮೆಟ್ಟಿಲ ಮೇಲಿನ ನರ್ಸಮ್ಮ ಆಕಳಿಸಿದಳು. "ಗಾಬರಿ ಬೀಳೋದೇನಿಲ್ಲ."

ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಇವರಿಗೆಲ್ಲ ಗೊತ್ತಿತ್ತು. ಚಪ್ಪಟೆ ಗಾಜು ಅವಳೊಬ್ಬಳ ಕಣ್ಣಿಗೆ ಬಿದ್ದಿರಲಿಲ್ಲ. ಕ್ಷೌರಿಕಣ್ಣನಿಗಂತೂ ಮೊದಲ ದಿನದಿಂದಲೇ ಗೊತ್ತಿದ್ದಿರಬೇಕು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ನಾಲ್ಕು ಅಂತಸ್ತಿನವರೂ ಆ ಮುದುಕರ ಅರವತ್ತೊಂದನ್ನು ಎದೆಯಲ್ಲಿಟ್ಟು ಕಾದುಕೊಂಡು ಬಂದಿದ್ದರು.

"ಇದು ಸಭೆಯೋ ಸರ್ಕಸ್ಸೋ?" ಟೇಪಪ್ಪ ಕೆಂಪಾದ. "ನಿಯಮ ಅಂತ ಒಂದಿದೆ!"

"ಇದೆ ಸರ್, ಓದಿದೀನಿ." ಮೇಡಂ ಒಂದು ಹೆಜ್ಜೆ ಮುಂದಿಟ್ಟಳು. "ಕಾರು ಬದಲಾಯಿಸಬಾರದು ಅಂತಿದೆ. ನಾವು ಬದಲಾಯಿಸಿಲ್ಲ. ಬೆಳೀಬಾರದು ಅಂತ ಎಲ್ಲೂ ಇಲ್ಲ. ಬೇರೆ ಕಾರು ತಂದಿದೀವಿ ಅಂತೀರಲ್ಲ, ಅದನ್ನ ತಂದ ದಿನ ಕಂಡೋರು ಒಬ್ಬರು ಕೈ ಎತ್ತಲಿ, ಈಗಲೇ ಜಾಗ ಬಿಡ್ತೀನಿ."

ಯಾರೂ ಕೈ ಎತ್ತಲಿಲ್ಲ. ಟೇಪಪ್ಪನ ಅಳಿಯ ಎತ್ತಲೋ ಬೇಡವೋ ಎಂಬಂತೆ ಭುಜ ಕದಲಿಸಿದ. ಟೈಲರಕ್ಕ ತಿರುಗಿ ನೋಡಿದ್ದೇ ಭುಜ ತುರಿಸಿಕೊಂಡ.

"ಸರಿ. ಕಾರು ಬೆಳೆದಿದೆ, ಗೆರೆಯನ್ನೂ ಬೆಳೆಸಬೇಕು ಅನ್ನೋರು?"

ಕೈಗಳು ಎದ್ದವು. ಗಂಡ ಎರಡೂ ಕೈ ಎತ್ತಿದ. ಎಣಿಸುವುದಕ್ಕೆ ಟೇಪಪ್ಪ ಬಾಯಿ ತೆರೆದು, ಎಣಿಸಿ ಪ್ರಯೋಜನವಿಲ್ಲವೆಂದು ಮುಚ್ಚಿದ. ಅವನ ಎತ್ತದ ಕೈಯನ್ನೂ ಅಳಿಯನ ಎತ್ತದ ಕೈಯನ್ನೂ ಬಿಟ್ಟರೆ ಅಲ್ಲಿ ಇಳಿದ ಕೈಯೇ ಇರಲಿಲ್ಲ.

"ದಾಖಲೆಯಲ್ಲಿ ಏನಂತ ಬರೀಲಿ?" ಅವನ ದನಿ ಬಳಲಿತ್ತು. "'ಬೆಳೆಯಿತು' ಅಂತಲಾ? ನಾನು ಅಳತೆ ಇಲಾಖೇಲಿ ಕೂದಲು ನೆರೆಸಿದೋನು ಕಣಮ್ಮ."

"ಹೌದು ಸರ್. ಅದಕ್ಕೇ ನೀವು ಬರೆದ್ರೆ ಎಲ್ರೂ ನಂಬ್ತಾರೆ."

ಮಾವ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಜನ ನಗುತ್ತ ಕುರ್ಚಿ ಎತ್ತಿಕೊಳ್ಳುವಾಗಲೂ ಅವರು ಕಾರಿಗೆ ಒರಗಿ ನಿಂತೇ ಇದ್ದರು. ಕ್ಷೌರಿಕಣ್ಣ ಹಾದುಹೋಗುವಾಗ ಅವರ ಕೋಟಿನ ತೋಳನ್ನು ಸುಮ್ಮನೆ ಒಮ್ಮೆ ಮುಟ್ಟಿದ. ಮೇಡಂ ಹತ್ತಿರ ಬಂದಳು.

"ಯಾವಾಗಿಂದ ಗೊತ್ತಮ್ಮ ನಿನಗೆ?"

"ಏನು ಮಾವ?"

ಅವರು ಅವಳ ಮುಖವನ್ನೇ ದಿಟ್ಟಿಸಿದರು. ಯಾರ ಅನುಕರಣೆಯೂ ಹೊರಬರಲಿಲ್ಲ.

"ಏನಿಲ್ಲ," ಎಂದರು ಕೊನೆಗೆ. "ಗೆರೆ ಬಳಿಯೋಕೆ ಕಾರು ಆಚೆ ತೆಗೀಬೇಕು. ನೀನೇ ತೆಗಿ." ಕೋಟಿನ ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟರು. ಊರಿಗೆಲ್ಲ ಕಾರು ಕಲಿಸಿದವಳಿಗೆ ಈ ಕಾರಿನ ಕೀಲಿಯನ್ನು ಅವರು ಅದುವರೆಗೆ ಕೊಟ್ಟಿರಲಿಲ್ಲ.

ಅವರು ಹಿಂದಿನ ಬಾಗಿಲು ತೆರೆದು, ಕೋಟು ಮುದುರದಂತೆ ಎತ್ತಿಕೊಂಡು, ಯಜಮಾನನ ಹಾಗೆ ಒಳಗೆ ಕೂತು ಕಾಲು ಚಾಚಿದರು. ಮಂಡಿಗೆ ಬೇಕಾದಷ್ಟು ಜಾಗವಿತ್ತು. ಮೇಡಂ ಕೀಲಿ ತಿರುಗಿಸಿದಳು. ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಅವಳು ಕನ್ನಡಿಯಲ್ಲಿ ನೋಡಿದಳು: ಟೇಪಪ್ಪ ಹಳದಿ ಗೆರೆಯ ಮೇಲೆಯೇ ನಿಂತಿದ್ದ.

ಕಿಟಕಿಯ ಚಪ್ಪಟೆ ಗಾಜನ್ನು ಇಳಿಸಿ ತಲೆ ಹೊರಗೆ ಹಾಕಿದಳು. "ಸರ್, ಸ್ವಲ್ಪ ಹಿಂದೆ. ಇನ್ನೂ ಹಿಂದೆ. ಹಾಂ, ಇನ್ನೂ."

ಅವನು ಸರಿದ. ಕಪ್ಪು ಕಾರು ಗೆರೆಯನ್ನು ತುಳಿದು, ಬಾಲದಿಂದ ಮೂತಿಯವರೆಗೆ ಇಡೀ ಮೈಯನ್ನು ನಿಧಾನವಾಗಿ ಅದರಾಚೆಗೆ ದಾಟಿಸಿ, ಬಿಸಿಲಿಗೆ ಬಂತು.